ತಾಬೊ ಗೊಂಪಾದ ಮಣ್ಣಿನ ಮಾಳಿಗೆಗಾಗಿ ಒಂದು ಬಹಿರಂಗ ಪತ್ರ

ಭಾರತ ಸರ್ಕಾರದ ಮಾನ್ಯ ಸಂಸ್ಕೃತಿ ಸಚಿವರಿಗೆ,
ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಿಗೆ,
ಹಿಮಾಚಲ ಪ್ರದೇಶದ ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರಗಳು.

ಸ್ಪಿತಿ ಕಣಿವೆಯ ತಾಬೊ ಗೊಂಪಾ ಎಂಬ ಬೌದ್ಧ ಮಠದ ಬಗ್ಗೆ, ಅದರಲ್ಲೂ ಅದರ ಮಾಳಿಗೆಯ ಬಗ್ಗೆ, ಈ ಪತ್ರ ಬರೆಯುತ್ತಿದ್ದೇನೆ. ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಸಾವಿರ ವರ್ಷದ ಆ ಮಣ್ಣಿನ ಕಟ್ಟಡವನ್ನು ಕಾಯುವ ಕೆಲಸದಲ್ಲಿ ಆ ಕಣಿವೆಯ ಮಣ್ಣಿನ ಕೆಲಸದವರಿಗೆ ಖಾಯಂ ಜಾಗ ಕೊಡಿ. ಅವರ ಕಸುಬು ಉಳಿಯಬೇಕಾದರೆ ಊರ ಮನೆಗಳಲ್ಲೂ ಮಣ್ಣಿನ ಕೆಲಸ ನಡೆಯಬೇಕು. ಅದಕ್ಕೆ ನಿಮ್ಮ ಯೋಜನೆಗಳಲ್ಲಿ ದಾರಿ ಮಾಡಿ.

ಇದರ ಹಿಂದಿ ಪ್ರತಿಯನ್ನು ಅಂಚೆಯಲ್ಲಿ ತಮಗೆ ಕಳಿಸಿದ್ದೇನೆ. ಕನ್ನಡದಲ್ಲೂ ಪ್ರಕಟಿಸುತ್ತಿರುವುದು, ಬೇಸಿಗೆ ಬಂದರೆ ನಮ್ಮ ರಾಜ್ಯದಿಂದ ಬೈಕು, ಕಾರು ಹತ್ತಿ ಸ್ಪಿತಿಗೆ ಹೋಗುವ ನೂರಾರು ಮಂದಿ ಓದಲಿ ಎಂದು.

ನಾನು ಕೊಪ್ಪಳ ಸೀಮೆಯವನು. ನಮ್ಮ ಕಡೆ ಮಾಳಿಗೆ ಮನೆಗಳೆಂದರೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಡ್ಡಿ ಸೊಪ್ಪು, ಮೇಲೆ ಮಣ್ಣು. ಮುಂಗಾರು ಹಿಡಿಯುವ ಮೊದಲು ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಕರಲು ಮಣ್ಣು ಹಾಕುತ್ತಿದ್ದರು. ಎಲ್ಲ ಮಣ್ಣೂ ಮಾಳಿಗೆಗೆ ಬರುವುದಿಲ್ಲ. ಯಾವ ಹೊಲದ ಬದುವಿನಲ್ಲಿ, ಯಾವ ಹಳ್ಳದ ದಂಡೆಯಲ್ಲಿ ಸಿಗುವ ಮಣ್ಣು ನೀರು ತಡೆಯುತ್ತದೆ ಎಂದು ಊರ ಹಿರಿಯರಿಗೆ ಗೊತ್ತಿತ್ತು. ತಾಬೊದಲ್ಲಿ ತಲೆಯೆತ್ತಿ ನೋಡಿದಾಗ ಕಂಡದ್ದು ಇದೇ ಬಗೆಯ ಮಾಳಿಗೆ. ಜಂತಿಗಳ ಮೇಲೆ ವಿಲೋ ಮರದ ಸಣ್ಣ ಕಡ್ಡಿಗಳು, ಅದರ ಮೇಲೆ ಮಣ್ಣು, ನಡುವೆ ಬೆಳಕಿಂಡಿ. ಹಾಗಾಗಿ ಅಲ್ಲಿನ ಚಿತ್ರಗಳ ಜೊತೆಗೆ ಅವುಗಳ ಮೇಲಿರುವ ಹೊದಿಕೆಯೂ ನನ್ನ ಮನಸ್ಸಿನಲ್ಲಿ ಕೂತಿದೆ.

ಸ್ಪಿತಿ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯ ಪೂರ್ವ ಭಾಗ. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 31,564. ಅದರಲ್ಲಿ ಸ್ಪಿತಿಯವರು ಸುಮಾರು 12 ಸಾವಿರ. ತಾಬೊ ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲಿದೆ. ಕೀ ಗೊಂಪಾ, ಕಿಬ್ಬರ್, ಲಾಂಗ್ಜಾ, ಕೋಮಿಕ್‌ನಂಥ ಊರುಗಳು 4,000 ಮೀಟರ್ ದಾಟಿವೆ. ದಕ್ಷಿಣದ ಹಿಮಾಲಯ ಸಾಲುಗಳು ಮುಂಗಾರಿನ ಮೋಡಗಳನ್ನು ಆಚೆಯೇ ತಡೆಯುವುದರಿಂದ ಕಣಿವೆ ಒಣಗಿದ ಶೀತ ಮರುಭೂಮಿ. ಬೀಳುವ ನೀರಿನಲ್ಲಿ ಹೆಚ್ಚಿನ ಪಾಲು ಹಿಮ. ಆ ಹಿಮ ಕರಗಿದ ನೀರನ್ನೇ ಕೂಲ್‌ ಎಂಬ ಸಣ್ಣ ಕಾಲುವೆಗಳಲ್ಲಿ ಹರಿಸಿ ಬಾರ್ಲಿ ಬೆಳೆಯುತ್ತಿದ್ದರು, ಈಗ ಹಣದ ಬೆಳೆಯಾಗಿ ಹಸಿ ಬಟಾಣಿಯನ್ನೂ ಬೆಳೆಯುತ್ತಾರೆ.

ಇಂಥ ಜಾಗದಲ್ಲಿ ಕ್ರಿ.ಶ. 996ರಲ್ಲಿ ಪಶ್ಚಿಮ ಟಿಬೆಟ್ಟಿನ ಗೂಗೆ ರಾಜ್ಯದ ದೊರೆ ಯೇಶೆ ಓ ತಾಬೊ ಗೊಂಪಾವನ್ನು ಕಟ್ಟಿಸಿದ. ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಎದ್ದು ನಿಂತು ಆಗ ಹದಿನೈದು ವರ್ಷದ ಆಸುಪಾಸು. ನಮ್ಮವರು ಬೆಟ್ಟದ ಕಲ್ಲನ್ನು ಕಡೆದರು. ಅವರು ನದಿದಂಡೆಯ ಮಣ್ಣನ್ನು ತುಳಿದು ಹಸಿ ಇಟ್ಟಿಗೆ ಮಾಡಿದರು. ಯೇಶೆ ಓ ರಾಜನಾಗಿದ್ದೂ ಸನ್ಯಾಸ ಹಿಡಿದವನು. ಬೌದ್ಧ ಗ್ರಂಥಗಳನ್ನು ಸರಿಯಾಗಿ ಅರಿಯಬೇಕೆಂಬ ಆಸೆಯಿಂದ ಆತ ತರುಣರನ್ನು ಕಾಶ್ಮೀರಕ್ಕೆ ಓದಲು ಕಳಿಸಿದ. ಅವರಲ್ಲಿ ಹೆಸರಾದವನು ರಿನ್‌ಚೆನ್ ಜಾಂಗ್ಪೊ (958–1055). ಸಂಸ್ಕೃತ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದ ಮಹಾ ಅನುವಾದಕ ಎಂದು ಆತನನ್ನು ಇಂದಿಗೂ ನೆನೆಯುತ್ತಾರೆ. ಆತ ಕಾಶ್ಮೀರದಿಂದ 32 ಮಂದಿ ಕಲಾವಿದರನ್ನು ಕರೆತಂದನೆಂದು ಆತನ ಜೀವನಚರಿತ್ರೆ ಹೇಳುತ್ತದೆ. ಗೊಂಪಾ ಕಟ್ಟಿ 46 ವರ್ಷವಾದ ಮೇಲೆ, 1042ರಲ್ಲಿ, ಯೇಶೆ ಓನ ವಂಶದ ಜಾಂಗ್‌ಚುಬ್ ಓ ಅದನ್ನು ಜೀರ್ಣೋದ್ಧಾರ ಮಾಡಿಸಿದ. ಇದನ್ನು ಹೇಳುವ ಬರಹ ದೇವಾಲಯದ ಒಳಗೋಡೆಯ ಮೇಲೆಯೇ ಇದೆ. ಅದೇ ಜಾಂಗ್‌ಚುಬ್ ಓನ ಆಹ್ವಾನದ ಮೇಲೆ ವಿಕ್ರಮಶಿಲೆಯ ಪಂಡಿತ ಅತೀಶ ಗೂಗೆಗೆ ಬಂದದ್ದೂ ಅದೇ ವರ್ಷ. ಬಿಹಾರ, ಕಾಶ್ಮೀರ, ಪಶ್ಚಿಮ ಟಿಬೆಟ್ ಈ ಮೂರೂ ಕಡೆಯ ವಿದ್ವತ್ತು ಕೂಡಿಕೊಂಡ ಕಾಲದ ಕಟ್ಟಡ ಅದು. ಇಂದು ತಾಬೊವನ್ನು ದೇಶದ ಅಂಚಿನ ಊರೆಂದು ಕರೆಯುತ್ತೇವೆ. ಆಗ ಅದು ಹಾದಿಯ ನಡುವೆ ಇತ್ತು.

ಮುಖ್ಯ ದೇವಾಲಯವಾದ ತ್ಸುಗ್‌ಲಾಖಾಂಗ್‌ನ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಬ್ಬೊಬ್ಬರೇ ಕಾಣಿಸಿಕೊಳ್ಳುತ್ತಾರೆ. ಗೋಡೆಯ ಅರ್ಧ ಎತ್ತರದಲ್ಲಿ ಸುತ್ತಲೂ ಕೂತಿರುವ ಮಣ್ಣಿನ ಮೂರ್ತಿಗಳು, ಎದುರಿಗೆ ನಾಲ್ಕೂ ದಿಕ್ಕಿಗೆ ಮುಖಮಾಡಿ ಕೂತ ವೈರೋಚನ ಬುದ್ಧ. ಇಡೀ ಕೋಣೆಯೇ ವೈರೋಚನನನ್ನು ನಡುವಿಟ್ಟು ದೇವತೆಗಳನ್ನು ಸುತ್ತ ಕೂರಿಸಿದ ವಜ್ರಧಾತು ಮಂಡಲ; ಒಳಗೆ ನಡೆದಾಡುವವರು ಮಂಡಲದ ಒಳಗೇ ನಡೆಯುತ್ತಿರುತ್ತಾರೆ. ಮೂರ್ತಿಗಳ ಕೆಳಗೆ ಉತ್ತರದ ಗೋಡೆಯಲ್ಲಿ ಬುದ್ಧನ ಜೀವನ, ದಕ್ಷಿಣದ ಗೋಡೆಯಲ್ಲಿ ಸುಧನನೆಂಬ ಹುಡುಗನ ಯಾತ್ರೆ. ಜ್ಞಾನ ಹುಡುಕಿ ಹೊರಟ ಈ ಸುಧನ ಐವತ್ತಕ್ಕೂ ಹೆಚ್ಚು ಗುರುಗಳ ಬಾಗಿಲು ತಟ್ಟುತ್ತಾನೆ. ಅವರಲ್ಲಿ ಭಿಕ್ಷುಗಳಿದ್ದಾರೆ, ವ್ಯಾಪಾರಿಗಳಿದ್ದಾರೆ, ಹೆಣ್ಣುಮಕ್ಕಳಿದ್ದಾರೆ, ಚಿಕ್ಕ ಹುಡುಗರೂ ಇದ್ದಾರೆ. ಕಥೆಯ ಮೂಲವಾದ ಗಂಡವ್ಯೂಹ ಸೂತ್ರದಲ್ಲಿ ಆತ ದಕ್ಷಿಣದ ವನವಾಸಿ ಎಂಬ ನಾಡಿಗೂ ಬಂದು ಮುಕ್ತಕನೆಂಬ ಶ್ರೇಷ್ಠಿಯನ್ನು ಕಾಣುತ್ತಾನೆ. ನಮ್ಮ ಬನವಾಸಿಯ ಹಳೆಯ ಹೆಸರೂ ವನವಾಸಿಯೇ. ಕನ್ನಡಿಗರು ಆ ಗೋಡೆಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲಲು ಇದಿಷ್ಟು ಸಾಕು.

ಆ ಕಾಲದ ಕಾಶ್ಮೀರದ ಭಿತ್ತಿಚಿತ್ರಗಳು ಕಾಶ್ಮೀರದಲ್ಲಿ ಉಳಿದಿಲ್ಲ. ಗೂಗೆಯ ದೊಡ್ಡ ವಿಹಾರವಾಗಿದ್ದ ಥೋಲಿಂಗ್, ಟಿಬೆಟ್ಟಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ತುಂಬಾ ಹಾಳಾಯಿತು. ಕಾಶ್ಮೀರದ ಕುಂಚ ಹೇಗಿತ್ತೆಂದು ತಿಳಿಯಬೇಕಾದರೆ ಇಂದು ತಾಬೊಗೆ ಬರಬೇಕು, ಲಡಾಖಿನ ಆಲ್ಚಿಗೆ ಹೋಗಬೇಕು. ಅಷ್ಟೇ ಅಲ್ಲ, ತಾಬೊದಲ್ಲಿ ಇಂದಿಗೂ ಬೆಳಿಗ್ಗೆ ಪೂಜೆ ನಡೆಯುತ್ತದೆ, ಮಠ ಮಕ್ಕಳಿಗೆ ಶಾಲೆ ನಡೆಸುತ್ತಿದೆ.

ಮಹಾನಿರ್ದೇಶಕರೇ, ಈ ಜಾಗ ತಮ್ಮ ಇಲಾಖೆಗೆ ಹೊಸದಲ್ಲ. 1909ರಲ್ಲಿ ಜರ್ಮನಿಯ ವಿದ್ವಾಂಸ ಎ. ಎಚ್. ಫ್ರಾಂಕೆ ತಾಬೊಗೆ ಬಂದದ್ದು ತಮ್ಮ ಇಲಾಖೆಯ ಕೆಲಸದ ಮೇಲೆಯೇ. 1933ರಲ್ಲಿ ಇಟಲಿಯ ವಿದ್ವಾಂಸ ಜುಸೆಪ್ಪೆ ತುಚ್ಚಿ ಬಂದರು. ಇಂದು ತಾಬೊ ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕ. ಆ ದೂರಕ್ಕೆ, ಆ ಚಳಿಗೆ ಹೋಗಿ ಕೆಲಸ ಮಾಡುವ ತಮ್ಮ ಸಿಬ್ಬಂದಿಯ ಶ್ರಮದ ಬಗ್ಗೆ ನನಗೆ ಗೌರವವಿದೆ. ನನ್ನ ಆತಂಕ ಬೇರೆ ಕಡೆಯಿಂದ ಬಂದದ್ದು.

ಈ ಕಟ್ಟಡ ಎಂಥೆಂಥ ಪೆಟ್ಟು ತಡೆದುಕೊಂಡಿದೆ ನೋಡಿ. ಗೂಗೆ ರಾಜ್ಯ 1630ರಲ್ಲಿ ಲಡಾಖಿಗೆ ಸೋತಿತು. 1841ರಲ್ಲಿ ಜಮ್ಮುವಿನ ಡೋಗ್ರಾ ದಂಡು ಬಂದಾಗ ಕಣಿವೆಯ ಗೊಂಪಾಗಳು ಲೂಟಿಯಾದವು. 1846ರಲ್ಲಿ ಸ್ಪಿತಿ ಬ್ರಿಟಿಷರ ಕೈಗೆ ಬಂತು. ಅವರು ನೋನೊ ಎಂದು ಕರೆಯುವ ಅಲ್ಲಿನ ಮುಖ್ಯಸ್ಥನ ಮೂಲಕವೇ ಆಡಳಿತ ನಡೆಸಿದರು, ಅದಕ್ಕಾಗಿ 1873ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ಮಾಡಿದರು. ಸ್ವಾತಂತ್ರ್ಯದ ನಂತರ ಪಂಜಾಬಿಗೆ ಸೇರಿದ್ದ ಜಿಲ್ಲೆ 1966ರಲ್ಲಿ ಹಿಮಾಚಲಕ್ಕೆ ಬಂತು. 1975ರ ಜನವರಿ 19ರಂದು ಕಿನ್ನೌರ್ ಭೂಕಂಪ, ತೀವ್ರತೆ 6.8. ತಾಬೊದ ಗೋಡೆಗಳು ಬಿರುಕು ಬಿಟ್ಟವು, ಆದರೆ ನಿಂತವು. 1983ರಲ್ಲಿ ಮತ್ತು ಸಾವಿರ ವರ್ಷ ತುಂಬಿದ 1996ರಲ್ಲಿ ದಲೈ ಲಾಮಾ ಅಲ್ಲಿಯೇ ಕಾಲಚಕ್ರ ದೀಕ್ಷೆ ನೀಡಿದರು.

ಭೂಕಂಪಕ್ಕೆ ಬೀಳದ ಈ ಗೋಡೆ ಒಂದು ರಾತ್ರಿಯ ಜಡಿಮಳೆಗೆ ಬೀಳಬಹುದು. ಮಣ್ಣಿನ ಮಾಳಿಗೆಯ ಮೇಲೆ ಬಿದ್ದ ಹಿಮವನ್ನು ಸಲಿಕೆಯಲ್ಲಿ ಎಳೆದು ಕೆಳಗೆ ಹಾಕಬಹುದು. ಸ್ಪಿತಿಯ ಪ್ರತಿ ಮನೆಯಲ್ಲೂ ಚಳಿಗಾಲದ ಬೆಳಗಿನ ಮೊದಲ ಕೆಲಸ ಅದೇ. ಮಳೆಯನ್ನು ಹಾಗೆ ಎಳೆದು ಹಾಕಲಾಗದು. ಅದು ಇಳಿಯುತ್ತದೆ, ಮಣ್ಣನ್ನು ನೆನೆಸುತ್ತದೆ, ಕಡ್ಡಿಗಳ ಸಂದಿಯಿಂದ ಕೆಸರಾಗಿ ಗೋಡೆಗೆ ಜಾರುತ್ತದೆ. ತಾಬೊದ ಚಿತ್ರಗಳಿರುವುದು ಮಣ್ಣಿನ ಗಿಲಾವಿನ ಮೇಲೆ. ಬಣ್ಣಗಳನ್ನು ಹಿಡಿದಿರುವ ಅಂಟು ನೀರಿಗೆ ಬಿಡುವಂಥದ್ದು. ಹಿಂದೆ ಯಾವಾಗಲೋ ಸೋರಿ ಇಳಿದ ಕೆಸರಿನ ಗೆರೆಗಳು ಇಂದಿಗೂ ಆ ಚಿತ್ರಗಳ ಮೇಲಿವೆ. ತಜ್ಞರು ಎಷ್ಟೇ ಜಾಣ್ಮೆಯಿಂದ ಒರೆಸಿದರೂ ನೀರು ಕೊಂಡೊಯ್ದ ಬಣ್ಣ ವಾಪಸು ಬರುವುದಿಲ್ಲ.

ಈಗ ಆಕಾಶದ ನಡೆ ಬದಲಾಗುತ್ತಿದೆ. ಹಿಮ ಕಡಿಮೆಯಾಗಿ ಬಟಾಣಿಗೆ ನೀರು ಸಾಲದೆ ಒದ್ದಾಡುವ ರೈತರೇ, ಬೇಸಿಗೆಯ ಮಳೆಗೆ ಮಾಳಿಗೆ ಸೋರುತ್ತದೆ ಎಂದೂ ಹೇಳುತ್ತಾರೆ. 2023ರ ಜುಲೈನಲ್ಲಿ ಹಿಮಾಚಲವನ್ನೇ ಕಂಗೆಡಿಸಿದ ಮಳೆಯ ದಿನಗಳಲ್ಲಿ ಸ್ಪಿತಿಯ ಚಂದ್ರತಾಲ್ ಬಳಿ ಅಕಾಲದ ಹಿಮ ಬಿದ್ದು ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ, ಜೀಪಿನಲ್ಲಿ ಕರೆತರಬಹುದು. ಗೋಡೆಯ ಚಿತ್ರವನ್ನು ಕರೆತರಲಾಗದು.

ಸೋರುತ್ತಿದೆ ಎಂದರೆ ಇನ್ನಷ್ಟು ಮಣ್ಣು ಹಾಕೋಣ ಎನ್ನಿಸುವುದು ಸಹಜ. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಅದರ ಅಪಾಯ ಗೊತ್ತು. ಹಳೆಯ ಪದರ ಕೆರೆದು ತೆಗೆಯದೆ ಹೊಸದನ್ನು ಹಾಕುತ್ತಾ ಹೋದರೆ ಭಾರಕ್ಕೆ ಜಂತಿ ಬಾಗುತ್ತದೆ, ಬಾಗಿದ ಕಡೆ ನೀರು ನಿಲ್ಲುತ್ತದೆ, ನಿಂತ ನೀರು ಅಲ್ಲೇ ಇಳಿಯುತ್ತದೆ. ಭೂಕಂಪದ ಸೀಮೆಯಲ್ಲಿ ಗೋಡೆಯ ತಲೆಯ ಮೇಲೆ ಅಷ್ಟು ಭಾರ ಹೊರಿಸುವುದೂ ಸರಿಯಲ್ಲ. ಸಿಮೆಂಟು ಬಳಿದರೆ ಇನ್ನೂ ಕೆಟ್ಟದ್ದು. ಮಣ್ಣು ಹಿಗ್ಗಿ ಕುಗ್ಗುವಾಗ ಸಿಮೆಂಟು ಬಿರಿಯುತ್ತದೆ, ಬಿರುಕಿನಿಂದ ಒಳಹೊಕ್ಕ ತೇವ ಹೊರಬರಲು ದಾರಿ ಸಿಗುವುದಿಲ್ಲ. ತಗಡಿನ ಚಾವಣಿ ಹೊದಿಸಿದರೆ ಗೊಂಪಾದ ರೂಪವೇ ಹೋಯಿತು. ಆ ಕಣಿವೆಯ ಗಾಳಿಗೆ ತಗಡು ಎಷ್ಟು ದಿನ ನಿಂತೀತು ಎಂಬುದು ಬೇರೆ ಮಾತು. ಉಳಿದ ದಾರಿ ಒಂದೇ. ವರ್ಷವೂ ಮಾಳಿಗೆ ಹತ್ತಿ, ಎಲ್ಲಿ ಮಣ್ಣು ಸಡಿಲವಾಗಿದೆ, ನೀರು ಹೊರಹೋಗುವ ಯಾವ ದೋಣಿ ಕಟ್ಟಿಕೊಂಡಿದೆ, ಯಾವ ಜಂತಿ ಬಾಗಿದೆ ಎಂದು ಕೈಯಿಂದ ಮುಟ್ಟಿ ನೋಡುವವರು ಬೇಕು. ಅಂಥವರು ಶಿಮ್ಲಾದ ಕಚೇರಿಯಲ್ಲಿ ಇರುವುದಿಲ್ಲ, ಮೂರು ವರ್ಷಕ್ಕೊಮ್ಮೆ ಟೆಂಡರು ಕರೆದರೂ ಸಿಗುವುದಿಲ್ಲ. ಅವರು ತಾಬೊ, ಪೋಹ್, ಲಾರಿ, ಧಂಕರ್ ಊರುಗಳಲ್ಲಿ ಇದ್ದಾರೆ. ಆದರೆ ಇನ್ನೆಷ್ಟು ಕಾಲ?

ನನ್ನ ಪತ್ರದ ತಿರುಳು ಇಲ್ಲಿದೆ. ಗೊಂಪಾಗೆ ಮಣ್ಣು ಹಾಕಬಲ್ಲ ಕೈ ತಯಾರಾಗುವುದು ಊರ ಮನೆಗಳಿಗೆ ಮಣ್ಣು ಹಾಕಿ ಹಾಕಿ. ಸ್ಪಿತಿಯಲ್ಲಿ ಹಿರಿಮಗನಿಗೆ ಖಾಂಗ್‌ಚೆನ್ ಎಂಬ ದೊಡ್ಡಮನೆ ಮತ್ತು ಹೊಲ, ತಂದೆತಾಯಿಗೆ ವಯಸ್ಸಾದ ಮೇಲೆ ಖಾಂಗ್‌ಚುಂಗ್ ಎಂಬ ಚಿಕ್ಕಮನೆ, ಕಿರಿಯ ಗಂಡುಮಕ್ಕಳು ಗೊಂಪಾಗೆ ಎಂಬುದು ಹಳೆಯ ಕಟ್ಟಳೆ. ಹೊಲ ಹರಿದು ಹಂಚಿಹೋಗದಂತೆ ಕಾಯ್ದದ್ದು ಅದೇ. ಆ ಕಟ್ಟಳೆ ಸಡಿಲವಾಗಿ ಹೊಸ ಸಂಸಾರಗಳು ಹೊಸ ಮನೆ ಕಟ್ಟುತ್ತಿವೆ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ ಮನಾಲಿ ಕಡೆಯಿಂದ ಬರುವವರು ಹೆಚ್ಚಿದ್ದಾರೆ. ಅವರಿಗಾಗಿ ಸ್ಪಿತಿಯ ಮುಖ್ಯ ಪಟ್ಟಣವಾದ ಕಾಜಾದಲ್ಲಿ, ತಾಬೊದಲ್ಲಿ ಕಾಂಕ್ರೀಟಿನ ಹೋಟೆಲುಗಳು ಏಳುತ್ತಿವೆ. ಮಣ್ಣಿನ ಮನೆ ಚಳಿಯಲ್ಲಿ ಬೆಚ್ಚಗಿರುತ್ತದೆ ಎಂದು ಅಲ್ಲಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಅವರು ಕಾಂಕ್ರೀಟಿಗೆ ಹೋಗುವುದಕ್ಕೆ ಕಾರಣವಿದೆ. ಮಣ್ಣಿನ ಮಾಳಿಗೆಗೆ ವರ್ಷವೂ ಆಳು ಬೇಕು, ಮಕ್ಕಳು ಓದಲು ಶಿಮ್ಲಾ, ಚಂಡೀಗಢ ಸೇರಿದ್ದಾರೆ. ಸರ್ಕಾರದ ಸಮೀಕ್ಷೆಯಲ್ಲಿ ಮಣ್ಣಿನ ಗೋಡೆಯ ಮನೆ ಕಚ್ಚಾ ಮನೆ ಎಂದೇ ಲೆಕ್ಕ. ಇದರ ಮೇಲೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬ ಕಾನೂನು. ತಾಬೊದಂಥ ಪುಟ್ಟ ಊರಿನಲ್ಲಿ ಆ ಗೆರೆ ಜನರ ಅಂಗಳದಲ್ಲೇ ಹಾದುಹೋಗುತ್ತದೆ. ಗೊಂಪಾವನ್ನು ಸಾವಿರ ವರ್ಷ ಕಾಯ್ದ ಊರಿಗೆ ಗೊಂಪಾದಿಂದ ಸಿಕ್ಕಿದ್ದು ಬರೀ ನಿರ್ಬಂಧ ಎಂದಾಗಬಾರದು.

ಮುಖ್ಯಮಂತ್ರಿಗಳೇ, ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆಯಾ ಪ್ರದೇಶದ ವಿನ್ಯಾಸಕ್ಕೆ, ಸ್ಥಳೀಯ ಸಾಮಗ್ರಿಗೆ ಅವಕಾಶವಿದೆ. ಸ್ಪಿತಿಗೆಂದೇ ಭೂಕಂಪ ತಡೆಯುವ ಒಂದು ಮಣ್ಣಿನ ಮನೆಯ ನಕ್ಷೆ ಮಾಡಿಸಿ, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಹಸಿ ಇಟ್ಟಿಗೆಗೂ ಮಣ್ಣಿನ ಮಾಳಿಗೆಗೂ ಗೌಂಡಿಗೆ ಹೊಟ್ಟೆ ತುಂಬುವ ದರ ಬರೆಸಿ. ಹೋಂಸ್ಟೇಗೆ ಸಹಾಯಧನ ಕೊಡುವಾಗ ಮಣ್ಣಿನ ಮನೆಗೆ ಹೆಚ್ಚು ಕೊಡಿ. ಮಹಾನಿರ್ದೇಶಕರೇ, ತಾಬೊದಲ್ಲೇ ವರ್ಷಪೂರ್ತಿ ಇರುವ ಒಂದು ಸಣ್ಣ ಮಣ್ಣಿನ ತಂಡವನ್ನು ಸಂಬಳದ ಮೇಲೆ ನೇಮಿಸಿ, ಅದರಲ್ಲಿ ಊರ ಹಿರಿಯ ಗೌಂಡಿಗಳೂ ಮಠದ ಒಬ್ಬ ಭಿಕ್ಷುವೂ ಇರಲಿ. ಮಾಳಿಗೆಗೆ ಮಣ್ಣು ಯಾವ ಜಾಗದಿಂದ ಬಂತು, ಎಷ್ಟು ದಪ್ಪ ಹಾಕಿದರು, ಮಳೆ ಎಷ್ಟು ಬಿತ್ತು, ಎಲ್ಲಿ ಸೋರಿತು ಎಂಬುದನ್ನು ಬರೆದಿಡುವ ಒಂದು ಪುಸ್ತಕ ಅಲ್ಲಿ ಇರಲಿ. ಗೊಂಪಾದ ಅಂಗಳಕ್ಕೆ ಒಂದು ಮಳೆಮಾಪಕ ಕೊಡಿ. ಇದ್ಯಾವುದಕ್ಕೂ ಹೆಚ್ಚು ಹಣ ಬೇಡ.

ಧಂಕರ್ ವಿಷಯ ಪ್ರತ್ಯೇಕ ಪತ್ರಕ್ಕೇ ಆಗುವಷ್ಟಿದೆ. ಹಿಂದೆ ಸ್ಪಿತಿಯ ರಾಜಧಾನಿಯಾಗಿದ್ದ ಆ ಊರಿನ ಗೊಂಪಾ, ಪಿನ್ ಮತ್ತು ಸ್ಪಿತಿ ನದಿಗಳ ಸಂಗಮದ ಮೇಲೆ ಸವೆಯುತ್ತಿರುವ ಮಣ್ಣುಕಲ್ಲಿನ ಕೊಡಿಯ ಮೇಲೆ ನಿಂತಿದೆ. 2006ರಲ್ಲೇ ವಿಶ್ವ ಸ್ಮಾರಕ ನಿಧಿ ಅದನ್ನು ಜಗತ್ತಿನ ಅಪಾಯದಲ್ಲಿರುವ 100 ಜಾಗಗಳ ಪಟ್ಟಿಗೆ ಸೇರಿಸಿತ್ತು.

ಊರಿನವರನ್ನು ಜೊತೆಗಿಟ್ಟುಕೊಂಡರೆ ಕೆಲಸವಾಗುತ್ತದೆ ಎಂಬುದಕ್ಕೆ ಸ್ಪಿತಿಯಲ್ಲೇ ಸಾಕ್ಷಿ ಇದೆ, ಅದರಲ್ಲಿ ಮೈಸೂರಿನ ಪಾಲೂ ಇದೆ. ಮೈಸೂರಿನಲ್ಲಿ ನೆಲೆಗೊಂಡ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಕಿಬ್ಬರ್‌ನಲ್ಲಿ ಹಿಮಚಿರತೆಯ ಕೆಲಸ ಶುರುಮಾಡಿದಾಗ ಮೊದಲು ಮಾತಾಡಿದ್ದು ಕುರಿ, ಯಾಕ್ ಕಳೆದುಕೊಂಡ ರೈತರ ಜೊತೆ. ಕಾಡು ಕುರಿಗಳಿಗೆ ಮೇವು ಉಳಿಯಲೆಂದು ಊರವರೇ ತಮ್ಮ ಗೋಮಾಳದ ಒಂದು ಭಾಗದಲ್ಲಿ ಮೇಯಿಸುವುದನ್ನು ಬಿಟ್ಟರು. ಚಿರತೆ ಹಿಡಿದ ಜಾನುವಾರಿಗೆ ಊರೇ ನಡೆಸುವ ವಿಮೆ ಬಂತು. ಚಿರತೆಯನ್ನು ಕೊಲ್ಲುತ್ತಿದ್ದವರ ಮಕ್ಕಳು ಇಂದು ಅದನ್ನು ಹುಡುಕಿ ತೋರಿಸುವ ಕೆಲಸದಲ್ಲಿದ್ದಾರೆ. ಹಿಮಚಿರತೆಗೆ ಆದದ್ದು ಹಸಿ ಇಟ್ಟಿಗೆಗೂ ಆಗಬಹುದು.

ಸಚಿವರೇ, 2015ರಲ್ಲಿ ಭಾರತವು ‘ಶೀತ ಮರುಭೂಮಿ ಸಾಂಸ್ಕೃತಿಕ ಭೂದೃಶ್ಯ’ವನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. 2025ರ ಸೆಪ್ಟೆಂಬರಿನಲ್ಲಿ ಹಿಮಾಚಲದ ಶೀತ ಮರುಭೂಮಿ ಜೀವಗೋಳ ಮೀಸಲಿಗೆ ಯುನೆಸ್ಕೊ ಜಾಲದಲ್ಲಿ ಜಾಗ ಸಿಕ್ಕಿತು. ಗಿಡ, ಪ್ರಾಣಿಗಳಿಗೆ ಸಿಕ್ಕ ಮನ್ನಣೆ ಮನುಷ್ಯರು ಕಟ್ಟಿದ್ದಕ್ಕೂ ಸಿಗಲಿ. ಕಡತ ಮುಂದೆ ಸರಿಸುವಾಗ ಗೊಂಪಾಗಳ ಜೊತೆ ಕೂಲ್‌ಗಳನ್ನು, ಪಿನ್ ಕಣಿವೆಯ ಬುಚೆನ್ ಲಾಮಾಗಳ ಕಲ್ಲೊಡೆಯುವ ಆಚರಣೆಯನ್ನು, ಲದಾರ್ಚಾ ಜಾತ್ರೆಯನ್ನು, ಸ್ಪಿತಿಯವರ ಭೋಟಿ ಭಾಷೆಯನ್ನೂ ಸೇರಿಸಿ. ಲಡಾಖಿನವರು, ರಾಮಪುರ ಬುಶಹರದವರು, ಸ್ಪಿತಿಯವರು ಕುದುರೆ, ಉಣ್ಣೆ, ಧಾನ್ಯ ತಂದು ಕೂಡುತ್ತಿದ್ದ ಜಾತ್ರೆ ಲದಾರ್ಚಾ. ಗಡಿಯಾಚೆಯ ವ್ಯಾಪಾರ ನಿಂತ ಮೇಲೂ ಜನ ಅದನ್ನು ಕೈಬಿಟ್ಟಿಲ್ಲ.

ಕನ್ನಡದ ಪ್ರವಾಸಿಗರಿಗೆ ಎರಡು ಮಾತು. ಗೊಂಪಾದ ಒಳಗೆ ಫೋಟೊ ತೆಗೆಯಬೇಡಿ ಎಂದಿದ್ದರೆ ತೆಗೆಯಬೇಡಿ, ಗೋಡೆಗೆ ಬೆನ್ನು ಒರಗಿಸಬೇಡಿ. ಲಾಂಗ್ಜಾದಲ್ಲಿ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಾಗರದ ಕಾಲದ ಪಳೆಯುಳಿಕೆಗಳನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅವು ಆ ಬೆಟ್ಟಕ್ಕೆ ಸೇರಿದವು. ತಂಗುವುದಾದರೆ ಮಣ್ಣಿನ ಮನೆಯಲ್ಲಿ ತಂಗಿ, ಆ ದುಡ್ಡು ಮಾಳಿಗೆಯ ಮಣ್ಣಿಗೆ ಹೋಗುತ್ತದೆ. ಅಷ್ಟು ದೂರ ಹೋಗಲಾಗದವರು ಬೈಲಕುಪ್ಪೆಗೆ, ಮುಂಡಗೋಡಿಗೆ ಹೋಗಿ. ಸೆರಾ, ಗಾಂದೆನ್, ದ್ರೆಪುಂಗ್ ವಿದ್ಯಾಪೀಠಗಳಲ್ಲಿ ಓದುತ್ತಿರುವ ಭಿಕ್ಷುಗಳಲ್ಲಿ ಸ್ಪಿತಿ, ಕಿನ್ನೌರ್, ಲಡಾಖಿನ ಹುಡುಗರೂ ಇದ್ದಾರೆ. ಅವರನ್ನು ಮಾತಾಡಿಸಿ, ಊರ ಕಥೆ ಕೇಳಿ.

ಕೊನೆಯದಾಗಿ ಒಂದು ಬೇಡಿಕೆ, ಇದನ್ನು ಈ ವರ್ಷವೇ ಮಾಡಬಹುದು. ಮೂರೂ ಕಚೇರಿಗಳ ಅಧಿಕಾರಿಗಳು ತಾಬೊದಲ್ಲಿ ಒಂದು ಸಭೆ ನಡೆಸಿ. ಸೆಪ್ಟೆಂಬರ್ ಕೊನೆಗೆ ಇಡಿ; ಬಟಾಣಿ, ಬಾರ್ಲಿ ಕೊಯ್ಲು ಮುಗಿದು ಜನಕ್ಕೆ ಬಿಡುವಿರುತ್ತದೆ, ರಸ್ತೆಯೂ ತೆರೆದಿರುತ್ತದೆ. ನೋಟಿಸನ್ನು ಹಿಂದಿಯ ಜೊತೆ ಭೋಟಿಯಲ್ಲೂ ಬರೆಸಿ ಪಂಚಾಯಿತಿಗೂ ಗೊಂಪಾಗೂ ಒಂದು ತಿಂಗಳು ಮೊದಲೇ ಕಳಿಸಿ. ಹೆಣ್ಣುಮಕ್ಕಳನ್ನು ಮರೆಯದೆ ಕರೆಯಿರಿ. ಸಭೆ ಶುರುವಾಗುವ ಮೊದಲು ಎಲ್ಲರೂ ಊರ ಗೌಂಡಿಯ ಜೊತೆ ಮಾಳಿಗೆ ಹತ್ತಿ, ಆತ ಏನು ಹೇಳುತ್ತಾನೋ ಅದನ್ನು ನಡಾವಳಿಯ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಕೊಪ್ಪಳ ಜಿಲ್ಲೆಯ ಒಬ್ಬ ನಾಗರಿಕ